ಆಚೆ ದಡ

ಅಪ್ಪ ಆಚೆ ದಡಕ್ಕೆ ಹೋದ, ಅಂದಳು ಅಮ್ಮ.
ನಮ್ಮ ಪೆಲ್ಲೊದಲ್ಲಿ ಅದೇನು ದೊಡ್ಡ ಮಾತಲ್ಲ.
ಈಚೆ ಫಿನ್ಲೆಂಡ್, ಆಚೆ ಸ್ವೀಡನ್,
ನಡುವೆ ಕಲ್ಲಾಗಿ ಮಲಗಿದ ಟೋರ್ನಿಯೊ ನದಿ.
ಕಾಫಿ ಪುಡಿಗೆ ಹೋಗುತ್ತಾರೆ, ಮದುವೆಗೆ ಹೋಗುತ್ತಾರೆ,
ಕೆಲವರು ಕಾರ್ಖಾನೆ ಕೆಲಸಕ್ಕೆಂದು ಹೋಗಿ
ಅಲ್ಲೇ ಉಳಿಯುತ್ತಾರೆ.

ಬೂಟು ಮಾತ್ರ ಬಾಗಿಲ ಹಿಂದೆಯೇ ಇತ್ತು,
ಎಡಗಾಲಿನದು ತುಸು ಹೊರಕ್ಕೆ ವಾಲಿ
ಕುಡಿದು ಬಂದ ರಾತ್ರಿ ಅವನು ನಿಲ್ಲುವ ಹಾಗೆ.
ಮೈನಸ್ ಮೂವತ್ತು.
ಬರಿಗಾಲಲ್ಲಿ ಯಾರು ಹೋಗುತ್ತಾರೆ ಪರದೇಶಕ್ಕೆ?
ಕೇಳಲಿಲ್ಲ. ನಮ್ಮನೆಯಲ್ಲಿ ಪ್ರಶ್ನೆಗೆಲ್ಲ
ಗೋಡೆಯೇ ಉತ್ತರ ಕೊಡುವುದು,
ತಟ್ಟೆ ಒಡೆದ ಗುರುತು ತೋರಿಸಿ.

ಆ ವಾರ ಎಲ್ಲ ಎಷ್ಟು ಚೆಂದ!
ತಮ್ಮ ವೆಸಾ ಊಟದ ನಡುವೆ ಹಾಡಿದ,
ಯಾರೂ ಸುಮ್ಮನಿರು ಅನ್ನಲಿಲ್ಲ.
ಅಮ್ಮ ಏಲಕ್ಕಿ ಹಾಕಿ ಬನ್ನು ಸುಟ್ಟಳು.
ಅವಳ ಕುತ್ತಿಗೆಯ ನೀಲಿ ಹಸಿರಾಯಿತು,
ಹಸಿರು ಹಳದಿಯಾಯಿತು,
ಆಮೇಲೆ ಬರೀ ಕುತ್ತಿಗೆಯಾಯಿತು.
ನಾನು ನಗುತ್ತಿದ್ದೆ. ನಗುತ್ತಲೇ ಲೆಕ್ಕ ಇಡುತ್ತಿದ್ದೆ:
ಸೌನಾದ ಗೂಟದಲ್ಲಿ ಹಿಮದ ಗರಗಸ ಇಲ್ಲ.
ಪಡಸಾಲೆಯ ಪಟ್ಟೆ ಹಾಸು ಇಲ್ಲ.
ತೊಳೆಯಲು ಹಾಕಿದ್ದೇನೆ, ಅಂದಳು.
ಹಾಸು ತೊಳೆಯುವುದು ಜುಲೈಯಲ್ಲಿ,
ನದಿಯ ದಂಡೆಯಲ್ಲಿ, ಊರ ಹೆಂಗಸರೆಲ್ಲ ಸೇರಿ.
ಇದು ಜನವರಿ.

ಪಕ್ಕದ ಮನೆಯ ಮುದುಕ ಕುಸ್ತಾ ಬೇಲಿಗೆ ಒರಗಿ
ರೆಯ್ನೊ ಕಾಣಿಸುತ್ತಿಲ್ಲವಲ್ಲ, ಅಂದ, ಒಂದು ಸಲ.
ಎರಡು ಸಲ.
ಮೂರನೆಯ ಸಲ ಕೇಳಬೇಕೆನ್ನುವಾಗ
ನಮ್ಮ ಅಂಗಳ ನೋಡಿ ಸುಮ್ಮನಾದ:
ರಸ್ತೆಯಿಂದ ಕಿಟಕಿಯವರೆಗೆ, ಕಿಟಕಿಯಿಂದ ರಸ್ತೆಗೆ
ದೊಡ್ಡ ಹೆಜ್ಜೆ,
ಎಡಗಾಲು ತುಸು ಹೊರಕ್ಕೆ.
ಓ, ರಾತ್ರಿ ಬಂದು ಹೋದನೋ, ಅಂತ ನಕ್ಕ.

ಅಮ್ಮನೂ ನೋಡಿದಳು.
ಕೈಯಲ್ಲಿ ಹಾಲಿನ ಪಾತ್ರೆ, ಬಾಯಲ್ಲಿ ಮಾತಿಲ್ಲ.
ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ.
ಬಾಗಿಲ ಅಗುಳಿಯ ಕಡೆ ತಿರುಗಿದರೆ
ಅಪ್ಪ ಎಲ್ಲೋ ಇದ್ದಾನೆ.
ತಿರುಗಲಿಲ್ಲ.
ಅವಳು ನೋಡಿದ್ದು ನದಿಯ ಕಡೆ,
ಸೌನಾ ಮುಗಿಸಿ ಮುಳುಗೇಳುತ್ತಿದ್ದ ಕಂಡಿ
ಮತ್ತೆ ಹೆಪ್ಪುಗಟ್ಟಿ ಮುಚ್ಚಿಕೊಂಡ ಜಾಗ.

ಮೂರು ಜೊತೆ ಕಾಲುಚೀಲ ಬೇಕಾಗಿತ್ತು
ನನ್ನ ಕಾಲು ಆ ಬೂಟು ತುಂಬಲು.
ಅದರೊಳಗೆ ನಿಂತು ಹೊರಗಿನಿಂದ ನೋಡಿದೆ:
ನಮ್ಮ ಮನೆ ಎಷ್ಟು ಚಿಕ್ಕದು,
ಬಾಗಿಲು ಎಷ್ಟು ತೆಳು,
ಒಂದೇ ಒದೆತ ಸಾಕು ಅನಿಸಿತು.
ಅನಿಸಿದ್ದು ನನಗೋ, ಬೂಟಿಗೋ?
ಹೆಜ್ಜೆ ಇಟ್ಟದ್ದು ಅವಳನ್ನು ಹೆದರಿಸಲೋ, ಕಾಯಲೋ,
ಹನ್ನೊಂದು ವರ್ಷದ ನಾಲಿಗೆಗೆ
ಎರಡಕ್ಕೂ ಬೇರೆ ಬೇರೆ ಪದ ಸಿಗಲಿಲ್ಲ.

ಶಾಲೆಯಲ್ಲಿ ಸಿರ್ಕಾ ಟೀಚರ್ ಚೀಟಿ ಹಂಚಿದರು:
ಈ ವರ್ಷ ನದಿ ಒಡೆಯುವುದು ಯಾವತ್ತು?
ಸರಿಯಾಗಿ ಹೇಳಿದವರಿಗೆ ಡಬ್ಬಿ ತುಂಬ ಚಾಕೊಲೇಟು.
ಮೇ ಒಂಬತ್ತು, ಅಂದ ಒಬ್ಬ. ಮೇ ಹದಿಮೂರು, ಇನ್ನೊಬ್ಬಳು.
ಒಡೆದರೆ ಚಳಿಗಾಲ ನುಂಗಿದ್ದನ್ನೆಲ್ಲ
ಕೆಳಗಿನ ಊರಿಗೆ ಒಯ್ದು ಕಕ್ಕುತ್ತದೆ ಈ ನದಿ,
ದೋಣಿ, ಸ್ಲೆಡ್ಜು, ಹೋದ ವರ್ಷ ಒಂದು ಹಿಮಸಾರಂಗ.
ನಾನು ಹೆಸರು ಮಾತ್ರ ಬರೆದೆ, ತುಯಿರೆ,
ದಿನದ ಜಾಗ ಖಾಲಿ ಬಿಟ್ಟು ಮಡಿಸಿ ಹಾಕಿದೆ.

ಮನೆಗೆ ಬಂದಾಗ
ಹಾಸಿಗೆ ಕೆಳಗೆ ನಾನು ಒದ್ದೆಯಾಗಿ ಬಚ್ಚಿಟ್ಟಿದ್ದ ಕಾಲುಚೀಲ
ಒಲೆಯ ಮೇಲಿನ ದಾರದಲ್ಲಿ ಸಾಲಾಗಿ ನೇತಾಡುತ್ತಿದ್ದವು.
ಅಮ್ಮ ಬೈಯಲಿಲ್ಲ. ಹೆಣೆಯುತ್ತಿದ್ದಳು.
ಕಡ್ಡಿಗೆ ಕಡ್ಡಿ ತಾಗುವ ಸದ್ದೊಂದೇ, ಊಟದವರೆಗೆ,
ಊಟದ ಆಮೇಲೂ.

ಮಲಗುವ ಹೊತ್ತಿಗೆ ಬೂಟಿನ ಪಕ್ಕ
ಮೂರು ಜೊತೆ, ಒಣಗಿ, ಬೆಚ್ಚಗೆ.
ಅದರ ಮೇಲೊಂದು ನಾಲ್ಕನೆಯದು, ಹೊಸದು, ಕೆಂಪು ಅಂಚಿನದು,
ನನ್ನ ಅಳತೆಗೆ ದೊಡ್ಡದು, ಅಪ್ಪನದಕ್ಕೆ ಚಿಕ್ಕದು.

ರಾತ್ರಿ ಹೊಸ ಹಿಮ ಬೀಳುತ್ತಂತೆ, ಅಂದಳು,
ದೀಪ ಆರಿಸುತ್ತ.