ಇಂಜಿನ್ ನಿಂತ ಮೇಲೆ

ಎಲ್ರೂ ಮೊದಲು ಕೇಳೋದು, ಬೆಳಕು ಕಂಡ್ಯಾ ಅಂತ.
ಇಪ್ಪತ್ತೆರಡು ವರ್ಷ ಲೈನ್‌ಮನ್ ಆಗಿದ್ದೋನು ನಾನು.
ಬೆಳಕು ನೋಡೋಕೆ ಸಾಯಬೇಕಾಗಿರಲಿಲ್ಲ.

ಬಸರಾಳು ಕಡೆ ಗದ್ದೆ ನಡುವಿನ ಕಂಬ,
ಕೆಳಗೆ ನಾಟಿ ಹೆಂಗಸರು, ಹಗಲು ಹನ್ನೆರಡೂಕಾಲು.
ಲೈನ್ ಆಫ್ ಮಾಡಿದೀವಿ ಹತ್ತು ಅಂದ್ರು. ಹತ್ತಿದೆ.
ಯಾರದೋ ಮನೆ ಜನರೇಟರು
ತಂತೀಲಿ ಹಿಂದಕ್ಕೆ ಹರೀತಿತ್ತು.
ನಾಲ್ಕು ನಿಮಿಷ ಎದೆ ಸುಮ್ಮನಿತ್ತಂತೆ.
ರಜೆಗೆ ಬಂದು ನಾಟಿಗಿಳಿದಿದ್ದ ನರ್ಸಿಂಗ್ ಹುಡುಗಿ
ಕೆಸರುಗೈಲೇ ಒತ್ತಿದ್ಲಂತೆ,
ಎರಡು ಪಕ್ಕೆಲುಬು ಲಟಕ್ ಅನ್ನೋ ತನಕ.

ಜವರಾಯಿ ಅಂತ ಹೆಸರಿಟ್ಟಿದ್ದು ನಮ್ಮಜ್ಜಿ.
ನನಗಿಂತ ಮುಂಚೆ ಮೂರು ಕೂಸು ಹೋಗಿದ್ವು.
ತನ್ನ ಹೆಸರಿನೋನ ಮೇಲೆ ಯಮ ಕೈ ಹಾಕಲ್ಲ ಅನ್ನೋ ಲೆಕ್ಕ.
ಆಸ್ಪತ್ರೇಲಿ ಎಲ್ರೂ ಅಜ್ಜೀನ ಹೊಗಳಿದ್ರು.
ನಾನು ಫ್ಯಾನು ನೋಡ್ಕೊಂಡು ಅತ್ತೆ.
ಬದುಕಿದ ಖುಷಿಗೆ ಅಂದ್ಕೊಂಡ್ರು.

ಅಲ್ಲಿ ಏನಿತ್ತು ಅಂತ ಹೇಳಲಿ?
ಆಲೆಮನೆ ಇಂಜಿನ್ನು ಬೆಳಗಿಂದ ಓಡ್ತಿರುತ್ತಲ್ಲ,
ಅದರ ಸದ್ದಿನ ಮೇಲೇ ಮಾತಾಡ್ತೀವಿ, ಜಗಳಾಡ್ತೀವಿ, ಉಣ್ತೀವಿ.
ಸಂಜೆ ಯಾರೋ ನಿಲ್ಲಿಸ್ತಾರೆ.
ಆಗಲೇ ಗೊತ್ತಾಗೋದು,
ಅಯ್ಯೋ, ಇಷ್ಟೊತ್ತೂ ಓಡ್ತಾನೇ ಇತ್ತು ಅಂತ.
ಹಂಗೆ ನಿಂತ್ಕೊಳ್ತು, ನಾನು ಅನ್ನೋದು.
ಬಾಗಿಲಿಲ್ಲ, ದೇವರಿಲ್ಲ, ಸತ್ತ ಅಪ್ಪ ಕರೀಲಿಲ್ಲ.
ಕೊಪ್ಪರಿಗೆ ಇಳಿಸಿದ ಮೇಲೂ
ಒಲೆ ಸುತ್ತ ಉಳಿಯುತ್ತಲ್ಲ, ಆ ಬಿಸುಪು.

ಈಗ ಕೈಗೆ ವಾಚು ಕಟ್ಟೋ ಹಂಗಿಲ್ಲ. ಮೂರನೇದೂ ನಿಂತೋಯ್ತು.
ಅಂಗಡಿಯೋನು ಸೆಲ್ ಸರಿಯಾಗೈತೆ ಅಂತಾನೆ.
ಬದು ಒತ್ತಿದ ತಮ್ಮನ ಮೇಲೆ ಒಂಬತ್ತು ವರ್ಷ ಕೋರ್ಟು ಅಲೆದಿದ್ದೆ.
ಒಂದು ಬೆಳಿಗ್ಗೆ ಹೋಗಿ, ಇಟ್ಕೊ ಅಂದೆ.
ಅವತ್ತಿಂದ ಅವನಿಗೆ ನಿದ್ದೆ ಇಲ್ಲ,
ಇವನೇನೋ ಸಂಚು ಮಾಡ್ತಾವ್ನೆ ಅಂತ.
ಮಗಳು ಡೆಂಗ್ಯೂ ಬಂದು ಮಲಗಿದಾಗ
ನಾನು ಜೇಬು ತಡವಿದ ಹಂಗೆ ಹೆದರಿಕೇನ ಹುಡುಕಿದೆ.
ಇರಲಿಲ್ಲ.
ನಾನು ಹುಡುಕೋದನ್ನ ಚೆನ್ನಾಜಿ ನೋಡಿಬಿಟ್ಲು.

ನಾಲೇಲಿ ಮಗನ್ನ ಕಳ್ಕೊಂಡ ದೊಡ್ಡತಾಯಿ
ಹಣ್ಣು ಕಾಯಿ ತಂದು ನನ್ನ ಮುಂದಿಟ್ಲು.
ನೀಲಿ ಶರಟು ಹಾಕಿದ್ದ, ಕಂಡನಾ?
ಕಂಡ, ಅಂದೆ.
ಶರಟು ಒಣಗಿತ್ತಾ?
ಒಣಗಿತ್ತು ಕಣವ್ವ, ಅಂದೆ.
ಆ ಹಣ್ಣು ಮೂರು ದಿನ ಅಲ್ಲೇ ಕಪ್ಪಾಯ್ತು.

ಈಗ ಕಂಬ ಹತ್ತಿಸಲ್ಲ, ಆಫೀಸಲ್ಲಿ ಫೋನ್ ಎತ್ತೋ ಕೆಲಸ.
ಕರೆಂಟ್ ಯಾವಾಗ ಬರುತ್ತೆ ಸಾರ್?
ಬರುತ್ತೆ ಇರಿ, ಅಂತೀನಿ.
ಅದಕ್ಯಾಕೆ ಅಷ್ಟು ಆತುರ ಅನ್ನೋದು
ನಾಲಿಗೆ ತುದೀಲಿ ಬಂದು ಕೂತಿರುತ್ತೆ.

ಹೋದ ಶನಿವಾರ ರಾತ್ರಿ ನಮ್ಮ ಬೀದೀದೂ ಹೋಯ್ತು.
ಫ್ರಿಜ್ಜು ಒಂದು ಸಲ ನಡುಗಿ ಸುಮ್ಮನಾಯ್ತು.
ಕತ್ತಲಲ್ಲಿ ಚೆನ್ನಾಜಿಗೆ ಹೇಳೇಬಿಟ್ಟೆ:
ಅಲ್ಲಿ ನೀನು ನೆನಪಾಗಲಿಲ್ಲ. ಮಗಳೂ.
ಒಂದು ಸಲಾನೂ.
ವಾಪಸ್ ಬರೋಕೆ ನಂಗೆ ಮನಸ್ಸಿರಲಿಲ್ಲ.

ಬೀಸಣಿಗೆ ನಿಲ್ಲಲಿಲ್ಲ.
ತೇಜಾವತಿ ಹುಟ್ಟುವಾಗ ರಕ್ತ ಹೋಯ್ತಲ್ಲ, ಅಂದ್ಲು,
ಆವಾಗ ನಂಗೂ ನಿಂತಿತ್ತು.
ನೀನು ನೆನಪಾಗಲಿಲ್ಲ.

ಹತ್ತೊಂಬತ್ತು ವರ್ಷ ಬಾಯಿ ಬಿಡಲಿಲ್ವಲ್ಲೇ?

ಯಾರು ಕೇಳಿದ್ರು ಏನು ಕಂಡೆ ಅಂತ?
ಗಂಡೋ ಹೆಣ್ಣೋ ಅಂತ ಕೇಳಿದ್ರು.

ಸರಿಯಾಗಿ ಕೂಡದ ಪಕ್ಕೆಲುಬಿನ ಹತ್ರ
ಸಣ್ಣಗೆ ಏನೋ ಉರೀತು.
ಆಸ್ಪತ್ರೆ ಹೊರಗೆ ನಾನು ಟೀ ಕುಡೀತಾ ನಿಂತಿದ್ದಾಗ
ನನ್ನ ಬಿಟ್ಟು ಹೋಗಿದ್ದಳು ಇವಳು,
ಒಂದು ಮಾತೂ ಹೇಳದೆ.
ಎಷ್ಟು ದಿನ ಆಗಿತ್ತು ಹಿಂಗೆ ಉರಿದು.

ಬೀಸಣಿಗೆ ಕಿತ್ಕೊಂಡು ಅವಳಿಗೆ ಬೀಸಿದೆ.
ಬೆಳಗಿನ ಜಾವ ಯಾವಾಗಲೋ
ಫ್ರಿಜ್ಜು ಗುಂಯ್ ಅಂತು.
ಇಬ್ರಿಗೂ ಕೇಳಿಸ್ತು.