ಮೆಡ್ಲರ್ ಹಣ್ಣಾಗುವವರೆಗೆ

ಅಕ್ಟೋಬರ್ ಕೊನೆಗೆ ಪಕ್ಕದ ಮನೆಯ ಹೆಸ್ಟರ್ ಪ್ಯೂ
ಬೇಲಿಯ ಮೇಲಿಂದ ಒಂದು ತಟ್ಟೆ ದಾಟಿಸಿದಳು:
ಒಣಹುಲ್ಲಿನ ಮೇಲೆ ಬೋರಲು ಮಲಗಿಸಿದ
ಇಪ್ಪತ್ತೋ ಇಪ್ಪತ್ತೆರಡೋ ಕಂದು ಕಾಯಿ.
‘ಮೆಡ್ಲರ್. ಈಗ ಕಚ್ಚಿದರೆ ನಾಲಗೆ ಮರಗಟ್ಟುತ್ತೆ.
ಬಿಸಾಕಬೇಕು ಅನ್ನಿಸುವ ದಿನ ಬರುತ್ತಲ್ಲ,
ಅವತ್ತು ತಿನ್ನು.’

ಊರಿಗೆ ನಾನು ಹೊಸ ಮುಖ.
ಔಷಧದಂಗಡಿಯ ಬಿಳಿ ಕೋಟಿನೊಳಗೆ ನಿಂತು
ಎಲ್ಲರ ಕೆಮ್ಮು, ಮಂಡಿನೋವು, ನಿದ್ದೆಗೆಟ್ಟ ರಾತ್ರಿ ಬಲ್ಲೆ.
ಯಾರ ಅಡುಗೆಮನೆಯನ್ನೂ ಕಂಡಿಲ್ಲ.

ಆಮೇಲೆ ಮಳೆ ಹಿಡಿಯಿತು.
ಹಿಡಿಯಿತು ಅಂದರೆ, ಬಿಡಲಿಲ್ಲ.

ನಾನು ಬೆಳೆದದ್ದು ಬಿಸಿಲಿನ ಸೀಮೆ.
ಅಲ್ಲಿ ಮಳೆ ಬರುತ್ತಿದ್ದದ್ದು ಪೊಲೀಸರ ಹಾಗೆ:
ಬಾಗಿಲು ಬಡಿದು, ಮನೆಯೆಲ್ಲ ಚೆಲ್ಲಾಪಿಲ್ಲಿ ಮಾಡಿ, ಜೀಪು ಹತ್ತಿ ಹೊರಟು.
ಇಲ್ಲಿಯದು ಸದ್ದಿಲ್ಲದೆ ಒಳಬಂದು ಮೂಲೆ ಹಿಡಿದು
ಹೆಣಿಗೆ ಕೈಗೆತ್ತಿಕೊಂಡ ಮುದುಕಿ.
ಎಷ್ಟು ಹೊತ್ತಿಗೆ ನೋಡಿದರೂ ಕಡ್ಡಿ ಆಡುತ್ತಲೇ ಇರುತ್ತದೆ,
ಸ್ವೆಟರ್ ಯಾರಿಗೆಂದು ಹೇಳುವುದಿಲ್ಲ.

ಇದು ಯಾವ ಮಳೆ? ಬೆರಳು ಮಡಚಿ ಎಣಿಸುತ್ತೇನೆ.
ಸ್ವಾತಿ ಮುಗಿದು ವಿಶಾಖೆ ಹುಟ್ಟಿರಬೇಕು.
ಹೆರೆಫರ್ಡ್‌ಶೈರಿನ ಕುರಿಗಳಿಗೆ ನಕ್ಷತ್ರದ ಗೊಡವೆಯಿಲ್ಲ;
ಗಾಳಿಗೆ ಬೆನ್ನು ಕೊಟ್ಟು
ಇಡೀ ಗುಡ್ಡವೇ ಒಂದೇ ದಿಕ್ಕಿಗೆ ಮೇಯುತ್ತದೆ.

ಕೌಂಟರಿಗೆ ಬಂದವರೆಲ್ಲ ಮಳೆಗಾಗಿ ನನ್ನ ಕ್ಷಮೆ ಕೇಳುತ್ತಾರೆ,
ತಾವೇ ಕೈತಪ್ಪಿ ಚೆಲ್ಲಿದ ಹಾಗೆ.
‘ಡಿಸೆಂಬರ್ ಇನ್ನೂ ಕತ್ತಲು’ ಎಂದು ಎಚ್ಚರಿಸುತ್ತಾರೆ.
ನನಗೆ ಇದು ಇಷ್ಟ ಎಂದು ಹೇಗೆ ಹೇಳಲಿ?
ಹೇಳಿದರೆ ಸೌಜನ್ಯ ಅಂದುಕೊಳ್ಳುತ್ತಾರೆ.

ಬುಧವಾರ ಮಧ್ಯಾಹ್ನ ಅಂಗಡಿಗೆ ಬೀಗ.
ಯಾರೋ ದಾನ ಕೊಟ್ಟ ರಬ್ಬರ್ ಬೂಟು, ನನಗೆ ಒಂದಂಗುಲ ದೊಡ್ಡದು,
ಒಳಗೆ ಎರಡೆರಡು ಜೊತೆ ಕಾಲುಚೀಲ.
ಗದ್ದೆಯ ನಡುವಿನ ಕಾಲುದಾರಿಯಲ್ಲಿ ಕೆಸರು
ಎಡಗಾಲಿನದನ್ನು ಕಚ್ಚಿ ಹಿಡಿದುಕೊಂಡಿತು.
ಒಂಟಿಕಾಲಿನ ಕೊಕ್ಕರೆಯಾಗಿ ನಾನು ಓಲಾಡುತ್ತಿರುವಾಗ
ಟ್ರ್ಯಾಕ್ಟರಿನ ಮೇಲಿಂದ ಇಡ್ರಿಸ್ ಗಂಭೀರವಾಗಿ ಅಂದ,
‘ಬಾತುಕೋಳಿಗೆ ಹೇಳಿ ಮಾಡಿಸಿದ ಹವೆ.’
‘ನನಗೂ’ ಅಂದೆ.
ಅವನು ಇಂಜಿನ್ ಆರಿಸಿದ.
ನಿಜವೋ ಎಂಬಂತೆ ಸ್ವಲ್ಪ ಹೊತ್ತು ನೋಡಿದ.
ಸೇತುವೆಯ ಮೇಲೆ ನೀರು ಬಂದಿದೆ,
ಸೇಬಿನ ತೋಟದೊಳಗಿಂದ ಹೋಗು, ಗೇಟು ಹಾಕಿಕೋ, ಎಂದ.

ತೋಟದಲ್ಲಿ ಎಲೆಯಿಲ್ಲ, ಮನುಷ್ಯರಿಲ್ಲ.
ಯಾರೂ ಆಯದೆ ಬಿಟ್ಟ ಸೇಬು ಹುಲ್ಲಿನ ತುಂಬ,
ಕೆಂಪು, ಅರೆಗೆಂಪು, ಪೂರಾ ಕಪ್ಪು,
ಹುಳಿಹೆಂಡದ ನಾತಕ್ಕೆ ನನಗೇ ತುಸು ತಲೆ ತಿರುಗು.
ಬೂದುತಲೆಯ ಹಕ್ಕಿಗಳು ನೂರಾರು
ಕಚಕಚ ಜಗಳವಾಡುತ್ತ ಕುಕ್ಕುತ್ತಿದ್ದವು.
ಮೊನ್ನೆ ರಾತ್ರಿ ನಾರ್ವೆಯಿಂದ ಬಂದಿಳಿದವಂತೆ.
ಇಲ್ಲಿಗೆ ಒಗ್ಗಿಕೊಂಡಿರಾ ಎಂದು
ಅವನ್ನು ಯಾರೂ ಕೇಳಿದಂತಿಲ್ಲ.

ತೊಯ್ದ ಓಕ್ ಮರದ ಕಾಂಡಕ್ಕೆ ಅಂಗೈ ಒತ್ತಿದೆ.
ಸುಮ್ಮನೆ. ಜ್ವರ ನೋಡುವ ಹಾಗೆ.

ನಾಲ್ಕಕ್ಕೆಲ್ಲ ಕತ್ತಲು.
ಚಿಮಣಿಯ ಹೊಗೆ ಮೇಲೇರಲಾರದೆ ಬೀದಿಗಿಳಿದು
ನನ್ನ ಜೊತೆಜೊತೆಗೇ ಮನೆತನಕ ನಡೆಯಿತು.

ನವೆಂಬರ್ ಇಪ್ಪತ್ತೈದು, ಇಪ್ಪತ್ತಾರು ಇರಬಹುದು.
ತಟ್ಟೆಯ ಕಾಯಿಗಳು ಕರಿಬಿದ್ದು, ಸುಕ್ಕಾಗಿ,
ಬೆರಳಿಟ್ಟರೆ ಕುಸಿಯುವಷ್ಟು ಕೆಟ್ಟಿದ್ದವು.
ಹಿತ್ತಲಿಗೆ ಒಯ್ದು ಕಸದ ಡಬ್ಬಿಯ ಮುಚ್ಚಳ ಎತ್ತಿದೆ.
ಮುಚ್ಚಳದ ನೀರು ತೋಳಿನೊಳಗೆ ಇಳಿದು
ಚಳುಕ್ಕೆಂದಾಗ ನೆನಪಾಯಿತು:
ಇವತ್ತೇ ಆ ದಿನ.

ಅಲ್ಲೇ, ಡಬ್ಬಿಯ ಪಕ್ಕ, ಮಳೆಯಲ್ಲಿ ನಿಂತು
ಒಂದನ್ನು ಹಿಂಡಿ ಬಾಯಿಗಿಟ್ಟೆ.
ಖರ್ಜೂರವೇ? ಅಲ್ಲ. ಸೇಬು ಕಂಡ ಕನಸಿನ ಖರ್ಜೂರ.
ಕೊಳೆತದ್ದೋ ಮಾಗಿದ್ದೋ ನಾಲಗೆಗೆ ಗೊತ್ತಾಗಲಿಲ್ಲ,
ಅದು ಎರಡನೆಯದಕ್ಕೆ ಕೈ ಚಾಚಿಸಿತು.
ಅಂಗೈಯಲ್ಲಿ ಐದು ಬೀಜ, ಮತ್ತೆ ಐದು.

ತಟ್ಟೆ ಹಿಡಿದು ಹೆಸ್ಟರಳ ಹಿಂಬಾಗಿಲು ತಟ್ಟಿದೆ.
ನನ್ನ ಮುಖ, ನನ್ನ ಗದ್ದ, ಅಂಟಿದ ಕಂದು, ಎಲ್ಲ ನೋಡಿ
ಅವಳು ಕೇಳಿದ್ದು ಏನೂ ಇಲ್ಲ.
‘ಬೂಟು ಅಲ್ಲೇ ಬಿಡು’ ಅಂದಳು.

ಅವಳ ಅಡುಗೆಮನೆಯ ಕಲ್ಲುಹಾಸಿನ ಮೇಲೆ
ಒಂದು ಹಸಿರು, ಒಂದು ಬೂದು ಕಾಲುಚೀಲ,
ಎರಡರ ತುದಿಯೂ ಒದ್ದೆ.