ಕೊರಳ ಕೊರಡು

ಬೆಲ್ಲದ ಬಣ್ಣ, ಅದಕ್ಕೇ ಬೆಲ್ಲಿ.
ಕೊಡಿಗೇನಹಳ್ಳಿ ಸಂತೆಯಲ್ಲಿ
ತಕ್ಕಡಿಯ ಬುಡದಲ್ಲಿ ಸಿಕ್ಕವಳು.
ಶಾಲೆಯ ಬಿಸಿಯೂಟ ಮುಗಿದ ಮೇಲೆ
ಬೋಸಿಯ ತಳ ಹಿಡಿದ ಅನ್ನ
ಕೆರೆದು ಕೆರೆದು ಹಾಕಿ ಬೆಳೆಸಿದೆ.

ಕೋಳಿಮರಿ ಅವಳ ಹೊಟ್ಟೆಯ ಮೇಲೆ ಹತ್ತಿ
ಬಿಸಿಲು ಕಾಯಿಸಿಕೊಳ್ಳುತ್ತದೆ.
ಒಂದು ಸಲ ಹಿತ್ತಲಿಂದ
ಮೊಟ್ಟೆಯನ್ನು ಬಾಯಲ್ಲೇ ತಂದು
ನನ್ನ ಪಾದದ ಬಳಿ ಇಟ್ಟಳು,
ಒಂದು ಬಿರುಕೂ ಇಲ್ಲ.

ಇದನ್ನೆಲ್ಲ ವಾಚರ್ ಓಬಳೇಶಪ್ಪನಿಗೆ ಹೇಳಿದೆ.
ಅವನು ಮೊಬೈಲು ತೆಗೆದು ಪಟ ತೋರಿಸಿದ:
ಜಿಂಕೆಮರಿ. ಹೊಕ್ಕುಳಬಳ್ಳಿ ಇನ್ನೂ ಒಣಗಿಲ್ಲ,
ತೊಡೆಯಲ್ಲಿ ನಾಲ್ಕು ತೂತು.
"ಹುಲ್ಲಲ್ಲಿ ಅಡಗಿಸಿಟ್ಟು ತಾಯಿ ಮೇಯಕ್ಕೆ ಹೋಗಿತ್ತು, ಸಣ್ಣೀರಕ್ಕ.
ಅಲ್ಲಾಡದೆ ಮಲಗಿದ್ರೆ ಯಾರಿಗೂ ಕಾಣಲ್ಲ ಅಂತ
ಅದಕ್ಕೆ ಹುಟ್ಟುವಾಗ್ಲೇ ಗೊತ್ತು.
ನಾಯಿ ಮೂಗಿಗೆ ಅದು ಗೊತ್ತಿಲ್ವಲ್ಲ."

ನಮ್ಮದಲ್ಲ, ತೋಟದವರದ್ದಿರಬೇಕು,
ಆಂಧ್ರದ ಗಡಿ ದಾಟಿ ಬಂದದ್ದಿರಬೇಕು ಅಂದೆ.
ಬೆಲ್ಲಿ ಬಾಗಿಲಲ್ಲಿ ಕೂತು
ಮುಂಗಾಲು ನೆಕ್ಕುತ್ತಿದ್ದಳು.
ನೆಕ್ಕುತ್ತಲೇ ಇದ್ದಳು.

ಮಾರನೇ ಬೆಳಗ್ಗೆ ಅವಳ ಹಿಂದೆ ಹೋದೆ.
ಕಡ್ಲೆಕಾಯಿ ಹೊಲದ ಬದು ದಾಟಿ
ಬಂದರಿ ಗಿಡ ದಾಟಿ
ಮೈದನಹಳ್ಳಿಯ ಹುಲ್ಲುಬಯಲು ಬಾಯಿ ತೆರೆದಲ್ಲಿ
ನಿಂತಳು.
ಒಂದು ಕಿವಿ ಮಾತ್ರ ನನ್ನ ಕಡೆ,
ಮಿಕ್ಕಿದ್ದೆಲ್ಲ ಅತ್ತ.
ಅತ್ತ, ಮಂಜಿನ ಮೇಲೆ ತಿರುಚು ಕೊಂಬು,
ಒಂದು, ಏಳು, ಹದಿನೈದು.
ಹೆಣ್ಣೊಂದು ಸುಮ್ಮನೆ, ಯಾರೋ ಚಿವುಟಿದಂತೆ,
ನೆಗೆಯಿತು.

ಅಷ್ಟೇ ಸಾಕಾಯಿತು.
ನಾನು ಸಾಕಿದವಳನ್ನು ಅಲ್ಲೇ ಕಳಚಿಟ್ಟು
ಒಳಗಿಂದ ಇನ್ಯಾರೋ ಎದ್ದು ಹೊರಟರು.
ಬೆಲ್ಲೀ ಎಂದು ಕೂಗಿದೆ.
ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ.

ಆಗ ನಾನೂ ಓಡಿದೆ.
ಏಳನೇ ಕ್ಲಾಸಿನ ಆಟದ ಪೀರಿಯಡ್ಡು ಬಿಟ್ಟರೆ
ಓಡಿದ್ದೇ ಇಲ್ಲ ನಾನು.
ಬಸ್ಸಿಗೆ ಓಡಿದ್ದು ಓಟವಲ್ಲ,
ಹಾಲು ಉಕ್ಕಿತೆಂದು ಓಡಿದ್ದು ಓಟವಲ್ಲ.
ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಎಲ್ಲೋ ಬಿಟ್ಟು,
ಐವತ್ತೆರಡರ ಮಂಡಿ ಕಟಕಟ ಅನ್ನುತ್ತ
ಹಿಡಿ ಅವಳನ್ನ, ಹಿಡಿ ಎಂದು ಓಡುತ್ತ ಓಡುತ್ತ
ಗಾಳಿ ಬಾಯೊಳಕ್ಕೆ ನುಗ್ಗಿ
'ಅವಳನ್ನ' ಅನ್ನುವುದು ಉದುರಿಹೋಯಿತು.
ಹಿಡಿ. ಹಿಡಿ.
ಯಾರಿಗೆ ಹೇಳಿದೆನೋ,
ದೇವರಾಣೆ, ಈಗಲೂ ಗೊತ್ತಿಲ್ಲ.

ಹುಲ್ಲೆಗಳು ಗಾಳಿಗೆ ಉದ್ದುದ್ದ ಹೊಲಿಗೆ ಹಾಕುತ್ತ
ಜಯಮಂಗಲಿಯ ಕಡೆ ಇಳಿದುಹೋದವು.
ಅವಳು ಬಂದಳು, ನಾಲಿಗೆ ಗೇಣುದ್ದ ಬಿಟ್ಟು,
ನನ್ನ ಏದುಸಿರು ಮೂಸಿ
ಬಾಲ ಆಡಿಸಿದಳು,
ನೀನೂನಾ? ಎಂಬಂತೆ.

ಸಂಜೆ ಓಬಳೇಶಪ್ಪನ ಮನೆಗೆ ನಾನೇ ಹೋದೆ.
ನಮ್ಮದೇ ಅಂದೆ.
ನನ್ನ ಓಟದ ಸುದ್ದಿ ಎತ್ತಲಿಲ್ಲ.
ಅವನು ಹೊಂಗೆಯ ಕೊರಡೊಂದು ಕಡಿದು
ತುಡುಗು ದನಕ್ಕೆ ಕಟ್ಟುವಂತೆ
ಕೊರಳಿಗೆ ಇಳಿಬಿಟ್ಟ.
ನಡೆದರೆ ಮೊಣಕಾಲಿಗೆ ಟಕ್.
ಓಡಿದರೆ ಟಕಟಕಟಕ, ಮೂತಿ ನೆಲಕ್ಕೆ.
ಮೂರು ದಿನ ನನ್ನ ಅನ್ನ ಮುಟ್ಟಲಿಲ್ಲ.
ನಾಲ್ಕನೇ ದಿನ ಮುಟ್ಟಿದಳು.
ಕೋಳಿಮರಿ ಕೊರಡಿನ ಮೇಲೂ ಹತ್ತಿ ಕೂತಿತು.

ಇವತ್ತು ಒಲೆ ಹಚ್ಚುವ ಮುಂಚೆ ಕಿವಿಗೊಟ್ಟರೆ
ಟಕ್ ಇಲ್ಲ.
ಬದುವಿನ ಮೇಲೆ ನಿಂತಿದ್ದಾಳೆ ಬೆಲ್ಲಿ,
ಕೊರಡನ್ನು ತಾನೇ ಬಾಯಲ್ಲಿ ಅಡ್ಡ ಎತ್ತಿಕೊಂಡು,
ಮೊಟ್ಟೆ ತಂದಷ್ಟೇ ಮೆತ್ತಗೆ.
ಕಾಲಿಗೆ ಈಗ ಏನೂ ತಾಕುವುದಿಲ್ಲ. ಓಡಬಹುದು.
ಓಡಿ ಮುಟ್ಟಿದರೆ ಬಾಯಿ ಬಿಡಬೇಕು,
ಬಿಟ್ಟರೆ ಕೊರಡು ಕಾಲಿಗೆ.
ಇದು ಅವಳಿಗೆ ಗೊತ್ತೋ ಇಲ್ಲವೋ.

ಬಯಲಲ್ಲಿ ಹಿಂಡು ತಲೆ ಎತ್ತಿದೆ.
ನಾನು ಕೂಗಲಿಲ್ಲ.
ಚಪ್ಪಲಿ ಮಾತ್ರ ಬಿಟ್ಟೆ.